ಗಾಂಜಾ ಹೂವಿನ ಕೂದಲು ಕೆಂಪಾದರೆ ಗಿಡ ಕೊಯ್ಲಿಗೆ ಬಂತು ಎಂದರ್ಥವೇ?

ಕುಂಡದಲ್ಲಿ ಬೆಳೆದ ಒಂದು ಗಿಡದ ಫೋಟೋ. ಹೂವಿನಿಂದ ಹೊರಚಾಚಿದ ಕಂದುಗೆಂಪು ಕೂದಲು. ಕೆಳಗೆ ಎರಡು ಸಾಲು: ‘ಕೂದಲು ಕೆಂಪಾದರೆ ಗಿಡ ರೆಡಿ. ಮನೆಯಲ್ಲಿ ಒಂದೆರಡು ಗಿಡ ಇಟ್ಟುಕೊಂಡರೆ ತಪ್ಪೇನಿಲ್ಲ.’ ಇಂಥದ್ದೊಂದು ಮೆಸೇಜ್ ನಿಮ್ಮ ಗುಂಪಿಗೂ ಬಂದಿದ್ದರೆ, ಮುಂದಕ್ಕೆ ಕಳಿಸುವ ಮೊದಲು ಇದನ್ನು ಓದಿ. ಮೊದಲನೇ ಮಾತು ಅರ್ಧ ಸತ್ಯ. ಎರಡನೆಯದು ನೀವು ಯಾವ ದೇಶದಲ್ಲಿ ಇದ್ದೀರಿ ಎಂಬುದರ ಮೇಲೆ ನಿಂತಿದೆ. ಕರ್ನಾಟಕದಲ್ಲಿ ಕೂತು ಓದುತ್ತಿದ್ದರೆ ಅದು ಪೂರ್ತಿ ಸುಳ್ಳು.

ಈ ಮಾತುಗಳು ಹುಟ್ಟುವುದು ಮನೆಯಲ್ಲಿ ಗಾಂಜಾ ಬೆಳೆಯಲು ಕಾನೂನೇ ಒಪ್ಪಿಗೆ ಕೊಟ್ಟಿರುವ ದೇಶಗಳಲ್ಲಿ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಒಂದು ಮನೆಗೆ ನಾಲ್ಕು ಗಿಡಗಳ ತನಕ ಅವಕಾಶವಿದೆ. ಆದರೆ ಅಲ್ಲಿಯೂ ಕ್ವಿಬೆಕ್ ಪ್ರಾಂತ್ಯ ಮನೆಬೆಳೆಗೆ ಒಪ್ಪಿಲ್ಲ. ಪ್ರಾಂತ್ಯದ ಆ ನಿಷೇಧವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರೊಬ್ಬರು ತಮ್ಮ ಬಳಕೆಗೆ ಮಾತ್ರ ಮೂರು ಗಿಡ ಬೆಳೆಯಬಹುದು. ಕನಿಷ್ಠ ಆರು ತಿಂಗಳಿಂದ ಅಲ್ಲೇ ವಾಸವಿರಬೇಕು, ಮಕ್ಕಳ ಕೈಗೆ ಸಿಗದಂತೆ ಇಡಬೇಕು, ಬೆಳೆದದ್ದನ್ನು ಸ್ನೇಹಿತರಿಗೆ ಹಂಚುವಂತೆಯೂ ಇಲ್ಲ. ಆ ದೇಶಗಳಲ್ಲಿ ಕನ್ನಡಿಗರೂ ಇದ್ದಾರೆ. ಹೀಗಾಗಿ ಅಲ್ಲಿನ ಮಾತು ಇಲ್ಲಿನ ಗುಂಪುಗಳಿಗೆ ಬರುತ್ತದೆ, ಅಲ್ಲಿನ ಕಾನೂನು ಮಾತ್ರ ಜೊತೆಗೆ ಬರುವುದಿಲ್ಲ.

ಈಗ ಗಿಡದ ವಿಷಯ.

ಆ ಕೂದಲು ಅಸಲಿಗೆ ಏನು?

ಮೆಕ್ಕೆಜೋಳದ ತೆನೆಯ ತುದಿಯಲ್ಲಿ ರೇಷ್ಮೆಯಂಥ ಎಳೆಗಳಿರುತ್ತವಲ್ಲ, ಅದೇ ಅಂಗ. ಶಾಲೆಯ ಪುಸ್ತಕದಲ್ಲಿ ಇದನ್ನು ಶಲಾಕಾಗ್ರ ಎಂದು ಓದಿರುತ್ತೀರಿ. ಗಾಳಿಯಲ್ಲಿ ತೇಲಿ ಬರುವ ಪರಾಗವನ್ನು ಹಿಡಿಯುವುದು ಅದರ ಕೆಲಸ. ಗಾಂಜಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣು ಹೂವು ಬಿಳಿ ಎಳೆಗಳನ್ನು ಹೊರಚಾಚಿ ಪರಾಗಕ್ಕೆ ಕಾಯುತ್ತದೆ. ಪರಾಗ ತಗುಲಿದರೆ ಎಳೆ ಬಾಡಿ ಕಂದಾಗುತ್ತದೆ.

ಮೆಕ್ಕೆಜೋಳ ಬೆಳೆಯುವ ರೈತರಿಗೆ ಎಳೆ ಕಂದಾದದ್ದು ನಂಬಿಕಸ್ಥ ಗುರುತು, ಏಕೆಂದರೆ ಅವರಿಗೆ ಬೇಕಾದದ್ದು ಕಾಳು. ಪರಾಗ ತಗುಲಿದರೆ ತಾನೇ ಕಾಳು ಕಟ್ಟುವುದು? ಗಾಂಜಾ ಬೆಳೆಯುವವರಿಗೆ ಬೇಕಾದದ್ದು ಇದಕ್ಕೆ ಉಲ್ಟಾ. ಅವರು ಗಂಡು ಗಿಡವನ್ನು ಮೊದಲೇ ಕಿತ್ತು, ಬೀಜ ಕಟ್ಟದ ಹೂವನ್ನು ಬೆಳೆಸುತ್ತಾರೆ. ಅಲ್ಲಿ ಎಳೆ ಕಂದಾಗಲು ಹಲವು ಕಾರಣಗಳಿರುತ್ತವೆ. ವಯಸ್ಸಾಗಿರಬಹುದು, ಬಿಸಿಗಾಳಿ ಬಡಿದಿರಬಹುದು, ಯಾರೋ ಬೆರಳಿನಿಂದ ಸವರಿರಬಹುದು, ಪಕ್ಕದ ಮನೆಯ ಗಂಡು ಗಿಡದ ಪರಾಗ ಹಾರಿ ಬಂದಿರಬಹುದು. ಕೊನೆಯದಾದರೆ ಹೂವಿನಲ್ಲಿ ಬೀಜ ಕಟ್ಟಲು ಶುರುವಾಗಿದೆ ಎಂದರ್ಥ, ಹೂವು ಬಲಿತಿದೆ ಎಂದಲ್ಲ. ಹೆಚ್ಚಿನ ಎಳೆಗಳು ಕಂದಾಗಿ ಒಳಕ್ಕೆ ಸುರುಟಿದ್ದರೆ ‘ಇನ್ನು ಹತ್ತಿರದಿಂದ ನೋಡಲು ಶುರು ಮಾಡಿ’ ಎಂಬ ಸೂಚನೆ ಅದು, ಅಷ್ಟೇ. ಫಾರ್ವರ್ಡ್‌ನಲ್ಲಿರುವ ಅರ್ಧ ಸತ್ಯ ಇಲ್ಲಿಗೆ ಮುಗಿಯಿತು.

ಹಾಗಾದರೆ ನೋಡಬೇಕಾದದ್ದು ಯಾವುದನ್ನು?

ತುಳಸಿ ಎಲೆಯನ್ನು ಸವರಿದರೆ ಬೆರಳಿಗೆ ವಾಸನೆ ಹತ್ತುತ್ತದೆ. ಎಲೆಯ ಮೇಲಿನ ಕಣ್ಣಿಗೆ ಕಾಣದ ಎಣ್ಣೆ ಗ್ರಂಥಿಗಳು ಒಡೆಯುವುದರಿಂದ ಹಾಗಾಗುತ್ತದೆ. ಗಾಂಜಾ ಹೂವಿನ ಮೇಲೂ ಅಂಥ ಗ್ರಂಥಿಗಳಿವೆ, ಟ್ರೈಕೋಮ್ ಎನ್ನುತ್ತಾರೆ. ಸಣ್ಣ ಕಾಂಡದ ಮೇಲೆ ಗುಂಡು ತಲೆ ಕೂರಿಸಿದ ಅಣಬೆಯ ಹಾಗೆ. ತಲೆಯ ಅಗಲ ಸುಮಾರು ಮಿಲಿಮೀಟರಿನ ಹತ್ತನೇ ಒಂದು ಭಾಗ. ಗಿಡದ ರಾಳವೆಲ್ಲ ತುಂಬಿರುವುದು ಆ ತಲೆಯಲ್ಲಿ. ಹಿಮಾಚಲದಲ್ಲಿ ಗಿಡವನ್ನು ಅಂಗೈಗಳ ನಡುವೆ ಉಜ್ಜಿ ಚರಸ್ ತೆಗೆಯುತ್ತಾರೆ ಎಂದು ಕೇಳಿರುತ್ತೀರಿ. ಕೈಗೆ ಅಂಟುವುದು ಇದೇ ತಲೆಗಳ ರಾಳ.

ಬರಿಗಣ್ಣಿಗೆ ಇದು ಹೂವಿನ ಮೇಲೆ ಸಕ್ಕರೆ ಉದುರಿಸಿದಂತೆ ಕಾಣುತ್ತದೆ, ಬಣ್ಣ ಗೊತ್ತಾಗುವುದಿಲ್ಲ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಲೆನ್ಸ್, ಅದೂ 30ರಿಂದ 60 ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಬೇಕು. ಅದರಲ್ಲಿ ನೋಡಿದರೆ ಎಳೆಯ ಹೂವಿನ ಗ್ರಂಥಿ ಗಾಜಿನ ಮಣಿಯಂತೆ ಪಾರದರ್ಶಕ. ಬಲಿಯುತ್ತ ಬಂದಂತೆ ಗಂಜಿ ತಿಳಿಯ ಹಾಗೆ ಮಂಜುಮಂಜಾಗುತ್ತದೆ. ಇನ್ನೂ ಬಿಟ್ಟರೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹೆಚ್ಚಿನವು ಮಂಜಾಗಿ, ಅಲ್ಲಲ್ಲಿ ಒಂದೊಂದು ಜೇನುಬಣ್ಣಕ್ಕೆ ಬಂದಾಗ ಕೊಯ್ಯುವುದು ಅಲ್ಲಿನವರ ರೂಢಿ. ಹೂ ಬಿಡಲು ಶುರುವಾದ ಮೇಲೆ ಸಾಮಾನ್ಯವಾಗಿ ಎಂಟರಿಂದ ಹತ್ತು ವಾರ ಹಿಡಿಯುತ್ತದೆ, ತಳಿಯ ಮೇಲೆ ಹೆಚ್ಚುಕಡಿಮೆ.

ಈ ರೂಢಿಗೆ ಆಧಾರವಿದೆ. ಹೂವು ಬೆಳೆಯುತ್ತ ಹೋದಂತೆ ಗ್ರಂಥಿಯಲ್ಲಿ ಟಿಎಚ್‌ಸಿ ಆಮ್ಲ ಏರುತ್ತದೆ, ಒಂದು ಹಂತದಲ್ಲಿ ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. (ಹಸಿ ಗಿಡದಲ್ಲಿ ಇರುವುದು ಹೆಚ್ಚಾಗಿ ಈ ಆಮ್ಲವೇ, ಬಿಸಿ ತಾಗಿದಾಗ ಅದು ಅಮಲೇರಿಸುವ ಟಿಎಚ್‌ಸಿ ಆಗುತ್ತದೆ.) ಆದರೆ ‘ಶೇ. 20 ಜೇನುಬಣ್ಣ ಬಂದ ದಿನವೇ ಕೊಯ್ಯಿರಿ’ ಎಂಬಂಥ ಲೆಕ್ಕಗಳನ್ನು ನಾವು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಒಂದೇ ಗಿಡದಲ್ಲಿ ಬೆಳಕು ಬೀಳುವ ತುದಿಯ ಹೂವು ಮೊದಲು ಬಲಿಯುತ್ತದೆ, ಕೆಳಗಿನದು ವಾರ ಹಿಂದಿರುತ್ತದೆ. ಹೂವಿನ ನಡುವಿನ ಪುಟ್ಟ ಎಲೆಗಳ ಮೇಲಿನ ಗ್ರಂಥಿ ಹೂವಿನದ್ದಕ್ಕಿಂತ ಬೇಗ ಬಣ್ಣ ತಿರುಗುತ್ತದೆ. ಎಲೆಯನ್ನು ನೋಡಿ ಕೊಯ್ದವರು ಮೋಸ ಹೋಗುತ್ತಾರೆ. ಮುಟ್ಟಿ ನಜ್ಜಿದ ಗ್ರಂಥಿಯೂ ಕಂದಾಗುತ್ತದೆ. ಅನುಭವಸ್ಥರು ನಾಲ್ಕಾರು ಕಡೆಯ ಹೂವು ನೋಡಿ, ತುದಿಯನ್ನು ಮೊದಲು ಕತ್ತರಿಸಿ, ಕೆಳಗಿನದನ್ನು ಕೆಲವು ದಿನ ಬಿಡುತ್ತಾರೆ. ಮನೆಯ ಮಾವಿನ ಮರದ ಕಾಯನ್ನೆಲ್ಲ ಒಂದೇ ದಿನ ಇಳಿಸುವುದಿಲ್ಲವಲ್ಲ, ಹಾಗೆ.

‘ಮಂಜು ಗ್ರಂಥಿಗೆ ಉಲ್ಲಾಸ, ಜೇನುಬಣ್ಣಕ್ಕೆ ನಿದ್ದೆ’ — ಇದು ನಿಜವೇ?

ಇಂಥ ಫಾರ್ವರ್ಡ್‌ಗಳಲ್ಲಿ ಹೆಚ್ಚು ತೊಂದರೆ ಕೊಡಬಲ್ಲ ಮಾತು ಇದು. ನಿದ್ದೆ ಬಾರದ ಯಾರೋ ಒಬ್ಬರು ಇದನ್ನು ಔಷಧಿಯ ಚೀಟಿಯಂತೆ ಓದಿಬಿಡುತ್ತಾರೆ. ವಾದದ ಬೇರು ಇಷ್ಟು: ಟಿಎಚ್‌ಸಿ ಗಾಳಿ, ಬೆಳಕು, ಬಿಸಿಗೆ ಒಡೆದು ಸಿಬಿಎನ್ ಎಂಬ ಇನ್ನೊಂದು ವಸ್ತುವಾಗುತ್ತದೆ. ಸಿಬಿಎನ್ ನಿದ್ದೆ ತರುತ್ತದೆ. ಆದ್ದರಿಂದ ಬಲಿತ ಹೂವು ನಿದ್ದೆ ತರುತ್ತದೆ.

ಮೊದಲ ಮೆಟ್ಟಿಲು ಸರಿ. ಎರಡನೆಯದಕ್ಕೆ ಮನುಷ್ಯರ ಮೇಲಿನ ಗಟ್ಟಿ ಪುರಾವೆ ಇಲ್ಲ. ಮೂರನೆಯದಂತೂ ಕುಸಿದೇ ಬೀಳುತ್ತದೆ, ಏಕೆಂದರೆ ಗಿಡದಲ್ಲಿರುವಾಗ ಸಿಬಿಎನ್ ಇರುವುದು ತೀರಾ ಅಲ್ಪ; ಅದು ಹೆಚ್ಚುವುದು ಕೊಯ್ದು ಬಹಳ ಕಾಲ ಇಟ್ಟಾಗ. ಗ್ರಂಥಿಯ ಬಣ್ಣ ಗಿಡದ ವಯಸ್ಸನ್ನು ಹೇಳಬಹುದು. ಅದು ಒಬ್ಬರ ಮೈಯಲ್ಲಿ ಏನು ಮಾಡುತ್ತದೆ ಎಂಬುದು ತಳಿ, ಪ್ರಮಾಣ, ಸೇವಿಸಿದ ರೀತಿ, ಆ ವ್ಯಕ್ತಿಯ ಅಭ್ಯಾಸ ಇವುಗಳ ಮೇಲೆ ಹೋಗುತ್ತದೆ. ಕೆನಡಾದ ಪರವಾನಗಿ ಅಂಗಡಿಯಲ್ಲಿ ಕೊಂಡ ಪೊಟ್ಟಣದ ಮೇಲೆ ಟಿಎಚ್‌ಸಿ ಎಷ್ಟೆಂದು ಬರೆದಿರುತ್ತದೆ. ಮನೆಯ ಕುಂಡದ ಹೂವಿಗೆ ಅಂಥ ಚೀಟಿ ಇಲ್ಲ, ಲೆನ್ಸ್ ಅದನ್ನು ಬರೆದುಕೊಡುವುದೂ ಇಲ್ಲ.

ಕೊಯ್ಲಿಗೆ ಮುಂಚೆ ಎರಡು ದಿನ ಕತ್ತಲಲ್ಲಿಟ್ಟರೆ ರಾಳ ಹೆಚ್ಚುತ್ತದೆ ಎಂಬ ಮಾತೂ ಓಡಾಡುತ್ತಿದೆ. ಅದಕ್ಕೂ ಗಟ್ಟಿ ಆಧಾರವಿಲ್ಲ.

ಕಾಯಬೇಕೋ, ಕೊಯ್ಯಬೇಕೋ?

ಬಣ್ಣದ ಚರ್ಚೆಯಲ್ಲಿ ಮುಳುಗಿದವರು ಮರೆಯುವುದು ಬೂಷ್ಟನ್ನು. ಬಯಲಲ್ಲಿ ಬೆಳೆದ ಗಿಡ ಹಗಲು ಕಿರಿದಾಗುತ್ತ ಬಂದಂತೆ ಹೂ ಬಿಡುತ್ತದೆ. ಜರ್ಮನಿ, ಕೆನಡಾಗಳಲ್ಲಿ ಅದು ಬಲಿಯುವ ಹೊತ್ತಿಗೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಮಳೆ, ಇಬ್ಬನಿ, ತಣ್ಣನೆ ಗಾಳಿ. ದ್ರಾಕ್ಷಿ ಗೊಂಚಲನ್ನು ಕೊಳೆಸುವ ಬೊಟ್ರೈಟಿಸ್ ಎಂಬ ಬೂದು ಶಿಲೀಂಧ್ರಕ್ಕೆ ಇದು ಹಬ್ಬದ ಕಾಲ. ದಟ್ಟವಾದ ಹೂಗೊಂಚಲಿನ ಹೊಟ್ಟೆಯೊಳಗೆ ಅದು ಶುರುವಾಗುತ್ತದೆ. ಹೊರಗಿನಿಂದ ಕಾಣುವುದು ಒಂದು ಪುಟ್ಟ ಎಲೆ ಮಾತ್ರ ಇದ್ದಕ್ಕಿದ್ದಂತೆ ಒಣಗಿದ್ದು. ಎಳೆದರೆ ಸಲೀಸಾಗಿ ಕಿತ್ತು ಬರುತ್ತದೆ, ಗೊಂಚಲನ್ನು ಬಿಡಿಸಿದರೆ ಒಳಗೆ ಕಂದು ಪುಡಿ, ಬೂದು ನೂಲು. ಜೇನುಬಣ್ಣಕ್ಕೆಂದು ಇನ್ನೊಂದು ವಾರ ಕಾದವರಿಗೆ ಗಿಡವೇ ಹೋಗಬಹುದು. ಮಳೆ ಹಿಡಿಯುವ ಸೂಚನೆಯಿದ್ದರೆ ತುಸು ಬೇಗ ಕೊಯ್ಯುವುದೇ ಸರಿ ಎಂದು ನಮಗೆ ತೋರುತ್ತದೆ.

ಒಣಗಿಸುವಾಗಲೂ ಇದೇ ಆತಂಕ. ಹೊರಗೆ ಗರಿಗರಿ, ಒಳಗೆ ಹಸಿ ಇದ್ದಾಗಲೇ ಡಬ್ಬಿಗೆ ತುಂಬಿ ಮುಚ್ಚಿದರೆ ಬೂಷ್ಟು ಬರುತ್ತದೆ. ಸರಿಯಾಗಿ ಒಣಗದ ಕೊಬ್ಬರಿಗೆ ಬರುವ ಹಾಗೆ. ಗಾಳಿಯಾಡುವ ಕತ್ತಲ ಕೋಣೆಯಲ್ಲಿ ಒಂದೆರಡು ವಾರ ಬೇಕು. ಬೂಷ್ಟು ಹಿಡಿದದ್ದನ್ನು ‘ಆ ಭಾಗ ಕತ್ತರಿಸಿ ಬಳಸಿ’ ಎನ್ನುವ ಸಲಹೆ ಕೆಟ್ಟದ್ದು. ಆಸ್ಪರ್ಜಿಲಸ್‌ನಂಥ ಶಿಲೀಂಧ್ರದ ಕಣಗಳು ಉಸಿರಿನೊಂದಿಗೆ ಒಳಹೋದರೆ, ಕೀಮೋ ಚಿಕಿತ್ಸೆಯಲ್ಲಿರುವವರಿಗೆ, ಅಂಗ ಕಸಿ ಮಾಡಿಸಿಕೊಂಡವರಿಗೆ ಪ್ರಾಣಕ್ಕೇ ಕುತ್ತಾಗಬಲ್ಲ ಶ್ವಾಸಕೋಶದ ಸೋಂಕು ಬರಬಹುದು. ಸುಡುವುದರಿಂದ ಅವೆಲ್ಲ ಸತ್ತುಹೋಗುತ್ತವೆ ಎಂದು ನೆಚ್ಚಿಕೊಳ್ಳುವಂತಿಲ್ಲ. ನೋವಿಗೆ, ವಾಕರಿಕೆಗೆ ಒಳ್ಳೆಯದೆಂದು ಕೇಳಿ ಮನೆಯ ಗಿಡಕ್ಕೆ ಕೈಹಾಕುವವರಲ್ಲಿ ಇಂಥ ರೋಗಿಗಳೂ ಇರುತ್ತಾರೆ.

ನಮ್ಮಲ್ಲಿ ‘ಒಂದೆರಡು ಗಿಡ’ ಇಟ್ಟುಕೊಳ್ಳಬಹುದೇ?

ಇಲ್ಲ. ಗೊಂದಲ ಹುಟ್ಟುವುದು ಎರಡು ನಿಜವಾದ ಮಾತುಗಳಿಂದ. ಒಂದು, ಭಂಗಿಯ ವಿಚಾರ. 1985ರ ಮಾದಕ ವಸ್ತು ಕಾಯ್ದೆ, ಅಂದರೆ ಎನ್‌ಡಿಪಿಎಸ್, ಗಾಂಜಾ ಎಂದು ಕರೆಯುವುದು ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳನ್ನು. ತುದಿಯಿಲ್ಲದ ಬರೀ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. ಎಲೆಯಿಂದ ಮಾಡುವ ಭಂಗಿ ಈ ಕಾಯ್ದೆಯಡಿ ಬರುವುದಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಒಂದು ಜಾಮೀನು ಪ್ರಕರಣದಲ್ಲಿ ಹೇಳಿದ್ದೂ ನಿಜ. ಎರಡು, ಒಂದು ಕಿಲೋ ತನಕದ ಗಾಂಜಾ ಕಾನೂನಿನ ಲೆಕ್ಕದಲ್ಲಿ ‘ಸಣ್ಣ ಪ್ರಮಾಣ’, ಅದಕ್ಕೆ ಶಿಕ್ಷೆ ಕಡಿಮೆ.

ಆದರೆ ಗಿಡ ಬೆಳೆಸುವುದು ಇವೆರಡಕ್ಕೂ ಸೇರದ ಬೇರೆಯೇ ಅಪರಾಧ. ಸೆಕ್ಷನ್ 20ರ ಪ್ರಕಾರ ಪರವಾನಗಿಯಿಲ್ಲದೆ ಗಾಂಜಾ ಗಿಡ ಬೆಳೆದರೆ ಹತ್ತು ವರ್ಷಗಳ ತನಕ ಕಠಿಣ ಜೈಲು, ಒಂದು ಲಕ್ಷ ರೂಪಾಯಿ ತನಕ ದಂಡ. ಇಷ್ಟು ಗಿಡಗಳ ತನಕ ಪರವಾಗಿಲ್ಲ ಎಂಬ ವಿನಾಯಿತಿ ಆ ಸಾಲಿನಲ್ಲಿ ಇಲ್ಲ. ‘ಇನ್ನೂ ಹೂ ಬಿಟ್ಟಿಲ್ಲ, ಬರೀ ಎಲೆ’ ಎಂಬ ಸಮಜಾಯಿಷಿಯೂ ನಡೆಯುವುದಿಲ್ಲ, ಏಕೆಂದರೆ ಕಾನೂನು ಅಲ್ಲಿ ಹೇಳುವುದು ಗಿಡವನ್ನು, ಹೂವನ್ನಲ್ಲ. ಉತ್ತರಾಖಂಡ 2018ರಲ್ಲಿ ನಾರು, ಬೀಜಕ್ಕಾಗಿ ಬೆಳೆಯಲು ಪರವಾನಗಿ ಕೊಡಲು ಶುರು ಮಾಡಿತು. ಅದು ಟಿಎಚ್‌ಸಿ ಶೇ. 0.3ಕ್ಕಿಂತ ಹೆಚ್ಚಿರದ ತಳಿಗೆ, ಸರಕಾರದ ಕಣ್ಗಾವಲಿನಲ್ಲಿ. ಕುಮಾವೂಂ ಮನೆಗಳ ಭಾಂಗ್ ಚಟ್ನಿಗೆ ಹಾಕುವುದು ಬೀಜ, ಅದರಿಂದ ಅಮಲೇರುವುದಿಲ್ಲ.

ಮೆಸೇಜ್ ಕಳಿಸಿದವರು ಬರ್ಲಿನ್‌ನಲ್ಲಿ ಇದ್ದರೆ ಅವರ ಮೂರು ಗಿಡ ಅವರಿಗೆ ಸರಿ. ಅದೇ ಮೆಸೇಜನ್ನು ನಂಬಿ ಬೆಂಗಳೂರಿನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಕುಂಡ ಇಟ್ಟ ಹುಡುಗನ ಮೇಲೆ ಬೀಳುವುದು ಸೆಕ್ಷನ್ 20.