ಗೋಡೆ ಹಿಡಿದು ಬಂದ ತಂತಿ

ಊರಿಗೆ ವಿದ್ಯುದ್ದೀಪ ಬಂದ ಕಥೆಯನ್ನು ಬರೆದಿಟ್ಟವರು ಉಂಟು. ಅದು ಮನೆಯೊಳಗೆ ಗೋಡೆ ಹಿಡಿದು ಹೇಗೆ ಹರಿಯಿತೆಂಬುದರ ಚರಿತ್ರೆ ಮಾತ್ರ ಆಯಾ ಮನೆಯ ಗೋಡೆಯಲ್ಲೇ ಉಳಿದಿದೆ. ನಾನೂ ಅತ್ತ ಕಣ್ಣು ಹಾಯಿಸಿದವನಲ್ಲ. ಕಳೆದ ಮಳೆಗಾಲದಲ್ಲಿ ಬಚ್ಚಲುಮನೆಯ ನಲ್ಲಿ ಮುಟ್ಟಿದ ನಮ್ಮ ತಾಯಿಯವರಿಗೆ ಕೈ ಜುಮ್ಮೆಂದಿತು. "ವಯಸ್ಸಾಯಿತಲ್ಲ, ವಾಯು ಇರಬೇಕು" ಎಂದು ಅವರು ಸುಮ್ಮನಾದರು. ಮರುದಿನ ನನಗೂ ಹಾಗೆಯೇ ಆದಾಗ ವಾಯುವಿನ ಮೇಲೆ ಹೊರಿಸುವಂತಿರಲಿಲ್ಲ. ಬಲ್ಲ ಮಿಸ್ತ್ರಿಯೊಬ್ಬರನ್ನು ಕರೆಸಿದೆ.

ಶಿವನಸಮುದ್ರದಲ್ಲಿ 1902ರ ಜೂನ್ 30ರಂದು ಕಾವೇರಿಯಿಂದ ವಿದ್ಯುತ್ತು ಹೊರಟಾಗ ಅದು ನಮ್ಮ ಮನೆಗಳಿಗಾಗಿ ಹೊರಟಿದ್ದಲ್ಲ. 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳ ಯಂತ್ರಗಳಿಗಾಗಿ ಹೊರಟದ್ದು. ಆ ಯೋಜನೆಗೆ ಬೆನ್ನಾಗಿ ನಿಂತಿದ್ದ ಶೇಷಾದ್ರಿ ಅಯ್ಯರ್ ಅವರು ಅದನ್ನು ಕಣ್ಣಾರೆ ಕಾಣಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿಗೆ 1905ರಲ್ಲಿ, ಮೈಸೂರಿಗೆ 1908ರಲ್ಲಿ ದೀಪ ಬಂದಿತು. ದೀಪ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಜನರಿಗೆ ಬಂದದ್ದು ವಿದ್ಯುಚ್ಛಕ್ತಿಯಲ್ಲ, ದೀಪ. ಇಂದಿಗೂ ನಾವು ಕಟ್ಟುವುದು 'ಲೈಟ್ ಬಿಲ್ಲು', ಬೀದಿಯಲ್ಲಿ ನಿಂತಿರುವುದು 'ಲೈಟ್ ಕಂಬ'. ಭಾಷೆ ಮರೆಯದೆ ಇಟ್ಟುಕೊಂಡಿರುವ ಈ ಸಂಗತಿಯಲ್ಲೇ ನಮ್ಮ ಹಳೆಯ ಮನೆಗಳ ತೊಡಕೆಲ್ಲ ಇದೆ.

ಮೈಸೂರಿನ ನಮ್ಮ ಮನೆಯನ್ನು ತಾತನವರು ಕಟ್ಟಿಸಿದ್ದು 1938ರಲ್ಲಿ. ಅಂದು ಇದ್ದದ್ದು ಏಳು ದೀಪ. ತೇಗದ ಪಟ್ಟಿಗಳ ಮೇಲೆ, ರಬ್ಬರು ಹೊದಿಸಿ ಅದರ ಮೇಲೆ ನೂಲು ಹೆಣೆದ ತಾಮ್ರದ ತಂತಿಗಳನ್ನು ಹಾಯಿಸಿದ್ದರು. ರೇಡಿಯೊ, ಇಸ್ತ್ರಿಪೆಟ್ಟಿಗೆಗಳಿಗಾಗಿ ತಂದೆಯವರು 1966ರಲ್ಲಿ ಕೂಡಿಸಿದ ತಂತಿ ಅಲ್ಯೂಮಿನಿಯಮ್ಮಿನದು. ದೇಶದಲ್ಲಿ ತಾಮ್ರಕ್ಕೆ ಅಭಾವವಿದ್ದ ಕಾಲವದು. ಆ ಬಳಿಕ ಶೀತಕ ಪೆಟ್ಟಿಗೆ, ಮಿಕ್ಸಿ, ನೀರು ಕಾಯಿಸುವ ಗೀಸರು ಬಂದಾಗ ಪಿವಿಸಿ ತಂತಿಯ ಮತ್ತೊಂದು ಪದರ ಸೇರಿತು. ಅದು ನನ್ನ ಕೈವಾಡ. ಮೂರು ತಲೆಮಾರಿನ ತಂತಿಗಳೂ ಕೊನೆಗೆ ಕೂಡುತ್ತಿದ್ದುದು ಜಗುಲಿಯ ಮೇಲಿದ್ದ ಅದೇ ಹಳೆಯ ಹಲಗೆಯಲ್ಲಿ.

ಮಿಸ್ತ್ರಿ ಮೊದಲು ಮೇನ್ ಇಳಿಸಿ, ಬಲ್ಬುಗಳನ್ನೆಲ್ಲ ಕಳಚಿದರು. ಅನಂತರ ಮೆಗ್ಗರ್ ಎಂಬ ಉಪಕರಣದಿಂದ ತಂತಿಗೆ 500 ವೋಲ್ಟು ಕೊಟ್ಟು, ಹೊದಿಕೆ ಎಷ್ಟರಮಟ್ಟಿಗೆ ತಡೆಯುತ್ತದೆಂದು ಅಳೆದರು. ಒಂದು ಮೆಗಓಮಿಗಿಂತ ಕೆಳಗಿಳಿಯಬಾರದಂತೆ. ನಾನು ಹಾಕಿಸಿದ ತಂತಿ ಸುಲಭವಾಗಿ ದಾಟಿತು. ತಾತನವರದು ಕಾಲು ಮೆಗಓಮನ್ನೂ ಮುಟ್ಟಲಿಲ್ಲ. ಅದಕ್ಕಿಂತ ನನ್ನನ್ನು ಕಂಗೆಡಿಸಿದ್ದು ಬೇರೆ. ಹಲಗೆಯ ಮೇಲೆ ಫ್ಯೂಸುಗಳು ಜೋಡಿಜೋಡಿಯಾಗಿದ್ದವು: ಫೇಸಿಗೊಂದು, ನ್ಯೂಟ್ರಲ್ಲಿಗೊಂದು. ಎರಡಿದ್ದರೆ ಎರಡು ಪಟ್ಟು ಕ್ಷೇಮವೆಂದು ನಾನು ತಿಳಿದಿದ್ದೆ. ನ್ಯೂಟ್ರಲ್ಲಿನದು ಸುಟ್ಟರೆ ದೀಪ ಆರುತ್ತದೆ, ಕರೆಂಟು ಹೋಯಿತೆಂದು ನಾವು ಭಾವಿಸುತ್ತೇವೆ. ಹೋಲ್ಡರಿನಲ್ಲಿ ಮಾತ್ರ ಅದು ಹಾಗೆಯೇ ಕಾದಿರುತ್ತದೆ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು ನ್ಯೂಟ್ರಲ್ಲಿನಲ್ಲಿ ಇಂಥ ಫ್ಯೂಸು ಕೂಡದೆಂದು ಹೇಳಿದ್ದವು. ಆ ಹಲಗೆಯ ಕೆಳಗೆ ಕುರ್ಚಿಯಿಟ್ಟುಕೊಂಡು ನಾನು ಎಷ್ಟು ಉತ್ತರಪತ್ರಿಕೆಗಳನ್ನು ತಿದ್ದಿಲ್ಲ!

ನಲ್ಲಿಯ ರಹಸ್ಯ ಸರಳವಾಗಿತ್ತು. ಗೀಸರಿನ ಕಾಯುವ ಸುರುಳಿ ಹಾಳಾಗಿ ಅದರ ಮೈಗೆ ಕರೆಂಟು ಇಳಿದಿತ್ತು. ಅದನ್ನು ನೆಲಕ್ಕೆ ಒಯ್ಯಬೇಕಾದ ಅರ್ಥಿಂಗ್ ತಂತಿಯೇ ಇರಲಿಲ್ಲ. ಸಾಕೆಟ್ಟಿನಲ್ಲಿ ಮೂರನೆಯ ತೂತು ಇದ್ದದ್ದು ಶೋಭೆಗೆ.

ಗೀಸರನ್ನಷ್ಟೇ ಬದಲಿಸಿ, ಅದಕ್ಕೊಂದು ಅರ್ಥಿಂಗ್ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ನನ್ನ ಮನಸ್ಸೂ ಅತ್ತಲೇ ವಾಲಿತು. ಮಿಸ್ತ್ರಿ ಹೇಳಿದ ಮಾತು ವಿಚಿತ್ರವಾಗಿತ್ತು: "ಸಾರ್, ಈ ರಬ್ಬರು ತಂತಿ ಮುಟ್ಟದೇ ಇದ್ರೆ ಇನ್ನೂ ಕೆಲವು ವರ್ಷ ಹೀಗೇ ಇರಬಹುದು. ಮುಟ್ಟಿದ್ರೆ ಇವತ್ತೇ ಉದುರುತ್ತೆ." ಒಂದು ಸ್ವಿಚ್ಚನ್ನು ಬಿಚ್ಚಿ ತೋರಿಸಿದರು, ಹೊದಿಕೆ ಒಣಗಿದ ತೊಗಟೆಯಂತೆ ಬೆರಳಿಗೆ ಬಂದಿತು. ಪರೀಕ್ಷೆಗೆಂದು, 30 ಮಿಲಿಆಂಪಿಯರ್ ಸೋರಿದರೆ ತಾನೇ ಕಡಿದುಕೊಳ್ಳುವ ಸ್ವಿಚ್ಚೊಂದನ್ನು ಹಳೆಯ ತಂತಿಗೇ ಜೋಡಿಸಿದರು. ಅದು ಒಂದು ಗಳಿಗೆಯೂ ನಿಲ್ಲಲಿಲ್ಲ. ಆಗ ನನ್ನ ಲೋಭ ಬಾಯಿ ಮುಚ್ಚಿತು.

ತಾಯಿಯವರ ಅಡ್ಡಿ ಬೇರೆ ಬಗೆಯದು. "ಗೋಡೆ ಕೊರೆಸಬೇಡ ಕಣೋ. ನಾನು ಈ ಮನೆಗೆ ಬಂದಾಗಿನಿಂದ ಒಂದು ಬಿರುಕು ಬಿಟ್ಟಿಲ್ಲ." ಆ ಮಾತಿನಲ್ಲಿ ಭಾವುಕತೆಗಿಂತ ವಿವೇಕ ಹೆಚ್ಚಿತ್ತು. ಮಣ್ಣು ಗಾರೆಯ ಗೋಡೆಗೆ ಉಳಿ ತಾಗಿಸಿದರೆ ಹಿಡಿಯಷ್ಟು ಕೊರೆದಲ್ಲಿ ಮೊರದಷ್ಟು ಬೀಳುತ್ತದೆ. ಗೋಡೆಯೊಳಗೆ ಪೈಪು ಹುದುಗಿಸುವುದೇ ಈಗಿನ ರೂಢಿಯಾದರೂ, ಹಳೆಯ ಪಟ್ಟಿಗಳು ಓಡಿದ್ದ ಜಾಡಿನಲ್ಲೇ ಹೊರಗಿನಿಂದ ಪೈಪು ಹಾಯಿಸಿ ಎಂದೆ. ನೋಡಲು ಅಂದವಲ್ಲ, ಮುಂದೆ ಬಿಚ್ಚಿ ನೋಡಬೇಕಾದವರಿಗೆ ಅನುಕೂಲ. ದೀಪಗಳಿಗೆ ಒಂದೂವರೆ, ಸಾಕೆಟ್ಟುಗಳಿಗೆ ಎರಡೂವರೆ, ಗೀಸರಿಗೆ ನಾಲ್ಕು ಚದರ ಮಿಲಿಮೀಟರಿನ ತಾಮ್ರ. ಎಲ್ಲದರ ಜೊತೆಗೂ ಹಸಿರು ತಂತಿ.

ಕೆಲಸ ಹನ್ನೊಂದು ದಿನ ಹಿಡಿಯಿತು. ಕಿತ್ತ ತೇಗದ ಪಟ್ಟಿಗಳನ್ನು ಮಾರಲು ತಾಯಿಯವರು ಬಿಡಲಿಲ್ಲ, ಅಟ್ಟ ಸೇರಿವೆ. ಅರ್ಥಿಂಗಿಗೆಂದು ಹಿತ್ತಲಿನಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಪೈಪು ಹೂತು, ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕೆಂದು ಹೇಳಿಹೋಗಿದ್ದಾರೆ. ಬೆಳಿಗ್ಗೆ ತುಳಸಿಗೆ ನೀರೆರೆದು ಬರುವಾಗ ತಾಯಿಯವರು ಅದಕ್ಕೂ ಒಂದು ಚೊಂಬು ಹಾಕುತ್ತಾರೆ.