ಕೊಲ್ಲೇರು ಸರೋವರ: ಭೌಗೋಳಿಕ ಸ್ವರೂಪ ಮತ್ತು ಕೃಷಿ ಮಹತ್ವ

ಕೊಲ್ಲೇರು ಭಾರತದ ಅತಿ ದೊಡ್ಡ ಸಿಹಿನೀರಿನ ಸರೋವರಗಳಲ್ಲೊಂದು. ಇದು ಆಂಧ್ರಪ್ರದೇಶದ ಕರಾವಳಿ ಬಯಲಿನಲ್ಲಿ, ಏಲೂರು ಪಟ್ಟಣದ ದಕ್ಷಿಣಕ್ಕೆ, ಕೃಷ್ಣಾ ಮತ್ತು ಗೋದಾವರಿ ನದಿಗಳ ಮುಖಜಭೂಮಿಗಳ ನಡುವಿನ ತಗ್ಗಿನಲ್ಲಿದೆ.

ಉಗಮ: ಎರಡೂ ನದಿಗಳು ಹೊತ್ತು ತಂದ ಮೆಕ್ಕಲು ಮಣ್ಣು ಸಮುದ್ರದತ್ತ ಬೆಳೆಯುತ್ತ ಹೋದಾಗ ನಡುವಿನ ಭಾಗ ತಗ್ಗಾಗಿಯೇ ಉಳಿಯಿತು. ಕರ್ನಾಟಕವನ್ನು ಹಾದುಹೋಗುವ ಕೃಷ್ಣೆಯ ಹೂಳೂ ಈ ಭೂರಚನೆಯಲ್ಲಿ ಪಾಲು ಪಡೆದಿದೆ.

ನೀರಿನ ಒಳಹರಿವು ಮತ್ತು ಹೊರಹರಿವು: ಬುಡಮೇರು, ತಮ್ಮಿಲೇರು ಮೊದಲಾದ ಹಳ್ಳಗಳು ಹಾಗೂ ಗದ್ದೆಗಳ ಬಸಿಗಾಲುವೆಗಳು ಸರೋವರವನ್ನು ತುಂಬುತ್ತವೆ. ಹೆಚ್ಚಿನ ನೀರು ಉಪ್ಪುಟೇರು ಎಂಬ ಏಕೈಕ ಹೊರಗಾಲುವೆಯ ಮೂಲಕ ಬಂಗಾಳಕೊಲ್ಲಿಯನ್ನು ಸೇರುತ್ತದೆ. ಸರೋವರದ ನೀರು ಇಳಿದಾಗ ಇದೇ ಮಾರ್ಗವಾಗಿ ಉಬ್ಬರದ ಉಪ್ಪುನೀರು ಮೇಲೇರುತ್ತದೆ.

ವಿಸ್ತೀರ್ಣ: ಆಳ ಕಡಿಮೆ, ನೆಲ ಬಹುತೇಕ ಸಮತಟ್ಟು. ಆದ್ದರಿಂದ ನೀರಿನ ಮಟ್ಟ ತುಸು ಏರಿದರೂ ಹರವು ಬಹಳ ಹಿಗ್ಗುತ್ತದೆ. ಸಮುದ್ರಮಟ್ಟದಿಂದ 5 ಅಡಿ ಸಮೋನ್ನತಿ ರೇಖೆಯವರೆಗಿನ ವಿಸ್ತೀರ್ಣ ಸುಮಾರು 308 ಚದರ ಕಿ.ಮೀ.; 10 ಅಡಿ ರೇಖೆಯವರೆಗೆ ಸುಮಾರು 901 ಚದರ ಕಿ.ಮೀ. ಹೀಗೆ ಹಿಗ್ಗಿ ಕುಗ್ಗುವುದರಿಂದಲೇ ಸರೋವರವು ಎರಡೂ ಮುಖಜಭೂಮಿಗಳ ನೆರೆಯನ್ನು ತಡೆದಿಟ್ಟುಕೊಳ್ಳುವ ಸಹಜ ಜಲಾಶಯವಾಗಿದೆ.

ಭೂಬಳಕೆ: ಹಿಂದೆ ಬೇಸಿಗೆಯಲ್ಲಿ ನೀರು ಸರಿದ ಅಂಗಳದಲ್ಲಿ ಭತ್ತ ಬೆಳೆಯಲಾಗುತ್ತಿತ್ತು. ಕಾಲಕ್ರಮೇಣ ಎತ್ತರದ ಏರಿಗಳುಳ್ಳ ಮೀನುಕೊಳಗಳು ಆ ಜಾಗವನ್ನು ಆಕ್ರಮಿಸಿದವು. ಸರೋವರವನ್ನು 1999ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. 2002ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಧಾಮದೊಳಗಿನ ಮೀನುಕೊಳಗಳ ಏರಿಗಳನ್ನು 2006ರಲ್ಲಿ ಒಡೆಯಲಾಯಿತಾದರೂ ಹಲವೆಡೆ ಅವು ಮತ್ತೆ ತಲೆಯೆತ್ತಿವೆ. ಆಟಪಾಕದಲ್ಲಿ ಹೆಜ್ಜಾರ್ಲೆಗಳು ಗೂಡುಕಟ್ಟುತ್ತವೆ.

ಸಮಸ್ಯೆಗಳು: ಏರಿಗಳು ಹರಿವಿಗೆ ಅಡ್ಡವಾದಾಗ ನೆರೆನೀರು ಮೇಲ್ಭಾಗದ ಗದ್ದೆಗಳಲ್ಲಿ ನಿಲ್ಲುತ್ತದೆ. ಗೊಬ್ಬರದ ಅಂಶವುಳ್ಳ ಬಸಿನೀರಿನಿಂದ ಅಂತರಗಂಗೆಯಂತಹ ತೇಲುಕಳೆಗಳು ಹಬ್ಬಿ ಹೊರಹರಿವನ್ನು ಇನ್ನಷ್ಟು ಕುಗ್ಗಿಸುತ್ತವೆ. 2024ರ ಸೆಪ್ಟೆಂಬರ್‌ನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಬಡಾವಣೆಗಳು ಜಲಾವೃತವಾದವು. ಹಳ್ಳದ ಪಾತ್ರಕ್ಕೆ ಅಡಚಣೆಯಾದರೆ ಹಾನಿ ಎಲ್ಲಿಯವರೆಗೆ ತಟ್ಟಬಹುದೆಂಬುದಕ್ಕೆ ಇದು ನಿದರ್ಶನ.

ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ಗಮನಿಸಬೇಕಾದ ಅಂಶಗಳು

1. ತಗ್ಗು ಪ್ರದೇಶದಲ್ಲಿ ಮೀನುಕೊಳ ನಿರ್ಮಿಸುವ ಮೊದಲು ನೆರೆಯ ಗರಿಷ್ಠ ಮಟ್ಟವನ್ನೂ ಹಳ್ಳದ ಮೂಲ ಪಾತ್ರವನ್ನೂ ಪರಿಶೀಲಿಸಬೇಕು.
2. ಬಸಿಗಾಲುವೆಗಳ ಹೂಳು ಮತ್ತು ಕಳೆಯನ್ನು ಮುಂಗಾರಿಗೆ ಮೊದಲೇ ತೆಗೆಯಬೇಕು.
3. ಉಬ್ಬರದ ನೀರು ತಲುಪುವ ಕಡೆ ಬೇಸಿಗೆಯಲ್ಲಿ ನೀರಿನ ಲವಣಾಂಶವನ್ನು ಪರೀಕ್ಷಿಸಿದ ನಂತರವೇ ಗದ್ದೆಗೆ ಹಾಯಿಸಬೇಕು.
4. ಸಾರಜನಕ ಗೊಬ್ಬರವನ್ನು ಕಂತುಗಳಲ್ಲಿ ನೀಡಿ, ಬಸಿನೀರಿನೊಡನೆ ಅದು ಪೋಲಾಗದಂತೆ ನೋಡಿಕೊಳ್ಳಬೇಕು.