ಬಳ್ಳಾರಿ ಬಿಸಿಲಿಗೆ ಯಾವ ತಳಿಯ ಮೊಲ ಒಗ್ಗುತ್ತದೆ?

ಮಕ್ಕಳ ಹಟಕ್ಕೆ ಮಣಿದು ಮೊಲ ತರಲು ಹೊರಟವರು ಮೊದಲು ನೋಡುವುದು ಅದರ ಬಣ್ಣ ಮತ್ತು ತುಪ್ಪಳ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನವರು ಅದಕ್ಕಿಂತ ಮೊದಲು ಯೋಚಿಸಬೇಕಾದುದು ಬಿಸಿಲಿನ ಬಗ್ಗೆ.

ಬಿಸಿಲು ಏಕೆ ಮುಖ್ಯ?

ಮೊಲ ನಮ್ಮಂತೆ ಬೆವರುವುದಿಲ್ಲ. ಮೈಯ ಶಾಖವನ್ನು ಅದು ಹೆಚ್ಚಾಗಿ ಕಿವಿಗಳ ಮೂಲಕ ಹೊರಹಾಕುತ್ತದೆ. ಅದಕ್ಕೆ ಹಿತವಾದುದು ಸುಮಾರು 15ರಿಂದ 25 ಡಿಗ್ರಿ ಸೆಲ್ಸಿಯಸ್. 30 ದಾಟಿದರೆ ಬಳಲುತ್ತದೆ, 35ರ ಮೇಲೆ ಜೀವಕ್ಕೇ ಅಪಾಯ. ನಮ್ಮಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ.

ಯಾವ ತಳಿ?

ಅಂಗೋರಾ: ನೋಡಲು ಹತ್ತಿಯ ಉಂಡೆ. ಉಣ್ಣೆಗಾಗಿ ಇದನ್ನು ಸಾಕುವುದು ಹಿಮಾಚಲದ ಕುಲ್ಲುವಿನಂಥ ತಂಪು ಊರುಗಳಲ್ಲಿ. ಬಳ್ಳಾರಿಗೆ ಬೇಡ.

ಜೋಲುಕಿವಿಯ ತಳಿಗಳು: ಕಿವಿಯೊಳಗೆ ಗಾಳಿಯಾಡದೆ ಸೋಂಕು ಬೇಗ ತಗಲುತ್ತದೆ. ಹೊಸಬರಿಗೆ ಕಷ್ಟ.

ನ್ಯೂಜಿಲೆಂಡ್ ವೈಟ್: ಹೆಸರು ಹೀಗಿದ್ದರೂ ಇದು ಅಮೆರಿಕದಲ್ಲಿ ರೂಪುಗೊಂಡ ತಳಿ. ಗಿಡ್ಡ ತುಪ್ಪಳ, 4–5 ಕಿಲೋ ತೂಕ. ಕೆಂಪು ಕಣ್ಣು ರೋಗವಲ್ಲ, ಹುಟ್ಟುಗುಣ. ಜಾಗವಿದ್ದರೆ ಸರಿ.

ಡಚ್: ಕಪ್ಪು–ಬಿಳುಪು, ಗಿಡ್ಡ ತುಪ್ಪಳ, ಸುಮಾರು 2 ಕಿಲೋ. ಚಿಕ್ಕ ಮನೆಗೆ ನಮ್ಮ ಮೊದಲ ಸಲಹೆ ಇದೇ.

ಅಂಗಡಿಗಳಲ್ಲಿ ಸಿಗುವ ಹೆಚ್ಚಿನವು ಮಿಶ್ರತಳಿಗಳು. ‘ಇದು ಇಷ್ಟೇ ದೊಡ್ಡದಾಗುತ್ತದೆ’ ಎಂಬ ಮಾತನ್ನು ನಂಬುವ ಬದಲು, ಸಾಧ್ಯವಾದರೆ ತಾಯಿ ಮೊಲವನ್ನು ನೋಡಿ. ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಮಾತ್ರ ತರಬೇಡಿ. ಅದು ಬೇರೆಯೇ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ನೀಡಿದೆ.

ನೀರು ಕುಡಿಸಿದರೆ ಸಾಯುತ್ತದೆಯೇ?

ಇಲ್ಲ. ಇದು ಶುದ್ಧ ತಪ್ಪುಕಲ್ಪನೆ. ಈ ಸೆಕೆಯಲ್ಲಿ ಇದನ್ನು ನಂಬಿ ನೀರು ಇಡದಿದ್ದರೆ ಮೊಲ ಸಾಯುವುದು ಖಚಿತ. ಶುದ್ಧ ನೀರು ಹಗಲೂ ರಾತ್ರಿಯೂ ಎದುರಿಗಿರಲಿ. ಗಜ್ಜರಿಯೇ ಅದರ ಆಹಾರ ಎಂಬುದೂ ಸುಳ್ಳು. ಗಜ್ಜರಿಯಲ್ಲಿ ಸಕ್ಕರೆ ಹೆಚ್ಚು, ಅಪರೂಪಕ್ಕೊಂದು ಚೂರು ಸಾಕು. ಮುಖ್ಯ ಆಹಾರ ಹುಲ್ಲು. ಗರಿಕೆ ಒಳ್ಳೆಯದು. ಸಿರುಗುಪ್ಪದ ಸುತ್ತ ಭತ್ತದ ಹುಲ್ಲು ಧಾರಾಳವಾಗಿ ಸಿಗುತ್ತದೆ, ಆದರೆ ಅದರಲ್ಲಿ ಪೋಷಕಾಂಶ ಕಡಿಮೆ. ಅದನ್ನು ಹಾಸಲು ಬಳಸಿ.

ಬೇಸಿಗೆಯಲ್ಲಿ

ತಗಡಿನ ಶೀಟಿನ ಕೆಳಗೆ, ಮಾಳಿಗೆಯ ಮೇಲೆ ಗೂಡು ಇಡಬೇಡಿ. ಮನೆಯೊಳಗೆ ಗಾಳಿಯಾಡುವ ನೆರಳಿನಲ್ಲಿಡಿ. ನೀರು ಹೆಪ್ಪುಗಟ್ಟಿಸಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಬಾಯಿ ತೆರೆದು ಏದುಸಿರು ಬಿಟ್ಟರೆ, ಕಿವಿ ಸುಡುತ್ತಿದ್ದರೆ, ಒದ್ದೆ ಬಟ್ಟೆಯಿಂದ ಕಿವಿ ಒರೆಸಿ ತಕ್ಷಣ ಪಶುವೈದ್ಯರ ಬಳಿ ಒಯ್ಯಿರಿ. ಐಸ್ ನೀರಲ್ಲಿ ಮುಳುಗಿಸಬೇಡಿ.

ಕೊನೆಯ ಮಾತು

40 ಡಿಗ್ರಿಯನ್ನು ಸುಮ್ಮನೆ ತಾಳುವ ತಳಿ ಯಾವುದೂ ಇಲ್ಲ. ಮೊಲ 8–10 ವರ್ಷ ಬದುಕಬಲ್ಲದು, ಅಂದರೆ ಅಷ್ಟು ಬೇಸಿಗೆ. ಅಷ್ಟೂ ಬೇಸಿಗೆಗೆ ತಂಪಾದ ಮೂಲೆಯೊಂದು ನಿಮ್ಮ ಮನೆಯಲ್ಲಿದ್ದರೆ ಮಾತ್ರ ಮೊಲ ತನ್ನಿ.